‘ಆ್ಯಕ್ಸೆಸ್ ಇದೆ’, ‘ಆ್ಯಕ್ಸೆಸ್ ಮಾಡಿದರು’: ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯುವುದು ಹೇಗೆ?

ಕಚೇರಿಯ ಕಂಪ್ಯೂಟರ್ ಅಥವಾ ಮೊಬೈಲಿನ ಬಗ್ಗೆ ಇಂಗ್ಲಿಷಿನಲ್ಲಿ ವರದಿಯನ್ನೋ ದೂರನ್ನೋ ಬರೆಯುವಾಗ ಒಂದು ಪದ ಆಚೀಚೆಯಾದರೆ ತಪ್ಪು ಮಾಡದವರ ಮೇಲೂ ಆರೋಪ ಹೊರಿಸಿದಂತಾಗಬಹುದು.

ಮೊದಲು, ನೀವು ಹೇಳಹೊರಟಿರುವುದು ಅವಕಾಶವನ್ನೋ ಕ್ರಿಯೆಯನ್ನೋ ಎಂಬುದನ್ನು ನಿರ್ಧರಿಸಿಕೊಳ್ಳಿ. ‘ಹಿ ಹ್ಯಾಸ್ ಆ್ಯಕ್ಸೆಸ್ ಟು ದ ಲ್ಯಾಪ್‌ಟಾಪ್’ ಎಂದರೆ ಅದನ್ನು ಬಳಸುವ ಅವಕಾಶ ಅವರಿಗಿದೆ ಎಂದಷ್ಟೇ ಅರ್ಥ. ಅವರು ಅದನ್ನು ಒಮ್ಮೆಯೂ ತೆರೆಯದೆ ಇರಬಹುದು. ‘ಹಿ ಆ್ಯಕ್ಸೆಸ್ಡ್ ದ ಲ್ಯಾಪ್‌ಟಾಪ್’ ಎಂದರೆ ಬಳಸಿಯೇಬಿಟ್ಟರು ಎಂದಾಗುತ್ತದೆ. ‘ವಾಸ್ ಗಿವನ್ ಆ್ಯಕ್ಸೆಸ್’ ಎಂಬಲ್ಲಿ ಬೇರೊಬ್ಬರ ಅನುಮತಿಯಿದೆ. ‘ಗೇನ್ಡ್ ಆ್ಯಕ್ಸೆಸ್’ ಎಂಬಲ್ಲಿ ಮೊದಲು ಇಲ್ಲದಿದ್ದ ಪ್ರವೇಶವನ್ನು ಗಳಿಸಿಕೊಂಡ ಸೂಚನೆಯಿದೆ. ನಾಮಪದವಾದಾಗ ‘ಟು’ ಬೇಕು, ಕ್ರಿಯಾಪದವಾದಾಗ ಬೇಡ. ‘ಲ್ಯಾಪ್‌ಟಾಪಿಗೆ ಪ್ರವೇಶಿಸಿದರು’ ಎಂಬ ನಮ್ಮ ರೂಢಿಯಿಂದಾಗಿ ‘ಆ್ಯಕ್ಸೆಸ್ಡ್ ಟು’ ಎಂದು ಬರೆಯುವುದು ಸಾಮಾನ್ಯವಾದರೂ ಅದು ತಪ್ಪು.

ಈ ಎಚ್ಚರ ಕಾನೂನಿನ ದೃಷ್ಟಿಯಿಂದಲೂ ಅಗತ್ಯ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ‘ಆ್ಯಕ್ಸೆಸ್’ ಪದಕ್ಕೆ 2ನೇ ಕಲಮಿನಲ್ಲೇ ವ್ಯಾಖ್ಯೆ ಕೊಟ್ಟಿದೆ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರನ್ನು ಆ್ಯಕ್ಸೆಸ್ ಮಾಡುವುದು 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ 3 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಎರಡನೆಯದಾಗಿ, ಸಾಧನ ಮತ್ತು ಖಾತೆಯನ್ನು ಬೇರ್ಪಡಿಸಿ. ಫೋನಿನ ಪರದೆಯನ್ನು ತೆರೆಯುವುದು ‘ಅನ್‌ಲಾಕ್’. ಅದರೊಳಗಿನ ಬ್ಯಾಂಕ್ ಆ್ಯಪಿಗೆ ನಿಮ್ಮ ಗುರುತು ಕೊಟ್ಟು ಹೋಗುವುದು ‘ಲಾಗ್ ಇನ್’ ಅಥವಾ ‘ಸೈನ್ ಇನ್’. ಇವೆರಡರ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ, ಆದರೆ ‘ಸೈನ್ ಅಪ್’ ಎಂದರೆ ಹೊಸ ಖಾತೆ ತೆರೆಯುವುದು. ಅಂಗಡಿಯವರು ‘ಅನ್‌ಲಾಕ್ಡ್ ಫೋನ್’ ಎಂದರೆ ಮಾತ್ರ ಅರ್ಥ ಬೇರೆ: ಆ ಫೋನು ಒಂದೇ ಕಂಪನಿಯ ಸಿಮ್‌ಗೆ ಕಟ್ಟುಬಿದ್ದಿಲ್ಲ ಎಂದು.

ಕೊನೆಯದಾಗಿ, ‘ಹ್ಯಾಕ್ಡ್ ಇನ್‌ಟು’ (ಭದ್ರತೆಯನ್ನು ಭೇದಿಸಿ ಒಳನುಗ್ಗಿದರು) ಎಂಬುದನ್ನು ಅವಸರದಲ್ಲಿ ಬಳಸಬೇಡಿ. ಪಾಸ್‌ವರ್ಡ್ ಮರೆತು ಸ್ವಂತ ಫೋನನ್ನೇ ತೆರೆಯಲಾಗದಿದ್ದರೆ ಆಡುಮಾತಿನಲ್ಲಿ ‘ಐ ಕಾಂಟ್ ಗೆಟ್ ಇನ್‌ಟು ಮೈ ಫೋನ್’ ಎಂದರೆ ಸಾಕು. ಪಾಸ್‌ವರ್ಡ್ ಗೊತ್ತಿದ್ದ ಸಹೋದ್ಯೋಗಿಯೊಬ್ಬರು ನಿಮ್ಮನ್ನು ಕೇಳದೆ ಕಂಪ್ಯೂಟರ್ ತೆರೆದಿದ್ದರೆ ‘ಆ್ಯಕ್ಸೆಸ್ಡ್ ವಿತೌಟ್ ಮೈ ಪರ್ಮಿಷನ್’ ಎಂದು ಬರೆದು, ಯಾವ ಸಾಧನ, ಯಾವ ಖಾತೆ, ಯಾವ ದಿನಾಂಕ ಮತ್ತು ಸಮಯ ಎಂಬುದನ್ನು ಅದೇ ವಾಕ್ಯದ ಜೊತೆಗೆ ಸೇರಿಸಿ.