ಕಟ್ಟದ ಲೆಕ್ಕ ಯಾರ ಫೋನಿನಲ್ಲಿದೆ?

ನಮ್ಮ ಕಾಸರಗೋಡಿನ ಕಡೆ ಮಳೆ ನಿಂತ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಟ್ಟ ಹಾಕುತ್ತಾರೆ. ತೋಟಕ್ಕೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು ಅದು. ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ. ಇಲ್ಲಿನ ಏತಡ್ಕ ಎಂಬ ಊರಿನ ಕಟ್ಟಗಳ ಬಗ್ಗೆ ನೀವೂ ಕೇಳಿರಬಹುದು. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು. ಯಾರ ಪಾಲು ಎಷ್ಟು, ಕೆಲಸ ಯಾವ ದಿನ, ಮಳೆಗೆ ಮೊದಲು ಯಾವಾಗ ಬಿಡಿಸಬೇಕು, ಎಲ್ಲವನ್ನೂ ತೋಟದವರು ಕೂತು ಮಾತಾಡಿಯೇ ಮುಗಿಸಬೇಕು.

ನಮ್ಮ ಕೂಟದ ಮಾತುಕತೆ, ಲೆಕ್ಕ ಎಲ್ಲ ವಾಟ್ಸಾಪ್ ಗ್ರೂಪಿನಲ್ಲಿತ್ತು. ಅಡ್ಮಿನ್ ಆಗಿದ್ದ ಹುಡುಗ ಗಲ್ಫಿಗೆ ಹೋದ, ಹಳೆ ನಂಬರ್ ಬಂದ್ ಆಯ್ತು. ಹೊಸಬರನ್ನು ಸೇರಿಸಲು ಯಾರಿಗೂ ಆಗಲಿಲ್ಲ. ಹಿಂದಿನ ವರ್ಷ ಯಾರು ಎಷ್ಟು ಕೊಟ್ಟಿದ್ದರು ಅಂತ ಹುಡುಕಿದರೆ ಸಿಕ್ಕಿದ್ದು ಒಂದು ಚೀಟಿಯ ಮಸುಕು ಫೋಟೋ, ಅದರಲ್ಲೂ ಕೊನೆಯ ಎರಡು ಹೆಸರು ಹೆಬ್ಬೆರಳಿನ ಅಡಿಯಲ್ಲಿ. ಆವತ್ತೇ ನಮ್ಮದೇ ವ್ಯವಸ್ಥೆ ಬೇಕು ಅನ್ನಿಸಿತು.

ನೀವೂ ಅಂಥದ್ದು ಮಾಡುವುದಾದರೆ ಮೊದಲು ಸರ್ವರ್, ಅಂದರೆ ಅದನ್ನು ನಡೆಸುವ ಕಂಪ್ಯೂಟರ್, ಮುಟ್ಟಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಸದಸ್ಯರು ಯಾರು, ತೀರ್ಮಾನಕ್ಕೆ ಎಷ್ಟು ಜನ ಒಪ್ಪಬೇಕು, ಹಣ ಯಾರ ಕೈಯಲ್ಲಿ, ಜಗಳ ಬಂದರೆ ಯಾರ ಹತ್ತಿರ ಹೋಗುವುದು, ಇಷ್ಟು ಬರೆಯಿರಿ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ನೀರು, ಕಾಡು, ಮೀನನ್ನು ಜನ ತಾವೇ ಹೇಗೆ ಕಾಪಾಡಿಕೊಂಡರು ಅಂತ ಬೇರೆ ಬೇರೆ ದೇಶಗಳಲ್ಲಿ ನೋಡಿದವರು. ನಿಯಮವನ್ನು ಅದಕ್ಕೆ ಒಳಪಡುವವರೇ ಮಾಡಿದ ಕಡೆ, ತಪ್ಪಿದವರಿಗೆ ಮೊದಲ ಸಲ ಸಣ್ಣ ದಂಡ, ಮತ್ತೆ ಮತ್ತೆ ತಪ್ಪಿದರೆ ಜಾಸ್ತಿ ಅಂತ ಇದ್ದ ಕಡೆ ಕೂಟಗಳು ಬಹಳ ಕಾಲ ಉಳಿದಿದ್ದನ್ನು ಅವರು ಕಂಡರು. ನಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿದರೆ ಹೌದಲ್ವಾ ಅನ್ನುತ್ತಾರೆ.

ಆಮೇಲೆ, ಜನ ಸೇರಿ ಚರ್ಚಿಸಿ ತೀರ್ಮಾನ ಮಾಡಲು ಬೇಕಾದ ಸಾಫ್ಟ್‌ವೇರ್. ಬಾರ್ಸಿಲೋನಾ ನಗರದಲ್ಲಿ ಶುರುವಾದ ಡೆಸಿಡಿಮ್ ದೊಡ್ಡದು, ಊರಿನ ಕೂಟಕ್ಕೆ ಭಾರ. ನ್ಯೂಜಿಲೆಂಡಿನ ಲೂಮಿಯೋ ಸಾಕು. ಒಬ್ಬರು ಪ್ರಸ್ತಾವ ಇಡುತ್ತಾರೆ, ಉಳಿದವರು ಒಪ್ಪಿಗೆ, ತಟಸ್ಥ, ವಿರೋಧ ಅಥವಾ ತಡೆ ಅಂತ ಹೇಳಿ ಕಾರಣವನ್ನೂ ಬರೆಯುತ್ತಾರೆ. ಆ ಕಾರಣವೇ ಮುಖ್ಯ. ಎರಡು ವರ್ಷ ಬಿಟ್ಟು ಬಂದವರಿಗೂ ಹೀಗೆ ಯಾಕೆ ತೀರ್ಮಾನವಾಯಿತು ಅಂತ ಗೊತ್ತಾಗುತ್ತದೆ. ಎರಡೂ ಓಪನ್ ಸೋರ್ಸ್, ಅಂದರೆ ಕೋಡ್ ಕೈಯಲ್ಲಿರುತ್ತದೆ, ನಾಳೆ ಕಂಪನಿ ಮುಚ್ಚಿದರೂ ನೀವು ನಡೆಸಬಹುದು.

ಬೇಕಾಗುವುದು ಉಬುಂಟು (ಲಿನಕ್ಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯ ಒಂದು ರೂಪ) ಇರುವ ಬಾಡಿಗೆ ಸರ್ವರ್, ಒಂದು ಡೊಮೈನ್ ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ವಿಳಾಸದ ಹೆಸರು, ಇಮೇಲ್ ಕಳಿಸುವ ವ್ಯವಸ್ಥೆ. ಸಾಫ್ಟ್‌ವೇರನ್ನು ಬೇಕಾದ ಭಾಗಗಳ ಸಮೇತ ಒಂದೇ ಕಟ್ಟಾಗಿ ನಡೆಸುವ ಡಾಕರ್ ಮೂಲಕ ಹಾಕಿದರೆ ಸುಲಭ. ಇಮೇಲ್ ಹೋಗದಿದ್ದರೆ ಲಾಗಿನ್ನೂ ಕಷ್ಟ, ಹಾಗಾಗಿ ಅದನ್ನು ಮೊದಲೇ ಪರೀಕ್ಷಿಸಿ. ನೋಡಿಕೊಳ್ಳುವವರು ಯಾರು ಅಂತ ಹೆದರಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಿಮ್ಮ ಮನೆಯಲ್ಲೇ ಒಬ್ಬಳು ಇರಬಹುದು, ಅವಳನ್ನು ಕೂರಿಸಿಕೊಳ್ಳಿ.

ಭಾಷೆಯ ವಿಷಯದಲ್ಲಿ ಮಾತ್ರ ಸುಮ್ನೆ ಬಿಡಬೇಡಿ. ಇಲ್ಲಿ ಮನೆಯಲ್ಲಿ ತುಳು ಅಥವಾ ಹವ್ಯಕ, ಓದುವುದು ಕನ್ನಡ, ಪಕ್ಕದ ತೋಟದವರದು ಮಲಯಾಳಂ. ಕಚೇರಿಯಿಂದ ಅರ್ಥವಾಗದ ಕಾಗದ ಬಂದಾಗ ಹೇಗಿರುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು, ಅದನ್ನೇ ನಾವು ಇನ್ನೊಬ್ಬರಿಗೆ ಮಾಡಬಾರದು. ಪ್ರತಿ ಪ್ರಸ್ತಾವವನ್ನೂ ಕನ್ನಡ, ಮಲಯಾಳಂ ಎರಡರಲ್ಲೂ ಬರೆಯಿರಿ. ಬಟನ್‌ಗಳ ಪದಗಳಿಗೆ ಊರಿನ ಮಾತನ್ನೇ ಹುಡುಕಿ.

ಫೋನ್ ಇಲ್ಲದ ಅಜ್ಜಿಯ ತೋಟಕ್ಕೂ ಅದೇ ನೀರು ಹೋಗುತ್ತದೆ. ಅವರ ಮನೆಗೆ ಹೋಗಿ ಕೇಳಿ, ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಹಾಕಿ, ಹಾಕಿದ್ದನ್ನು ಓದಿ ಹೇಳಿ. ಮುಗಿದ ತೀರ್ಮಾನಗಳನ್ನು ಮುದ್ರಿಸಿ ಅಂಗಡಿಯ ಗೋಡೆಗೆ ಅಂಟಿಸಿ.

ಪಾಸ್‌ವರ್ಡ್ ಮೂರು ಮನೆಗಳಲ್ಲಿ ಇರಲಿ. ಡೊಮೈನಿನ ಹಣ ಒಬ್ಬರ ಕಾರ್ಡಿನಿಂದ ಹೋಗುತ್ತಿದ್ದರೆ ನವೀಕರಣದ ದಿನ ಎಲ್ಲರ ನೋಟ್‌ಬುಕ್ಕಿನಲ್ಲೂ ಇರಲಿ. ಪ್ರತಿ ವರ್ಷ ಕಟ್ಟದ ಕೆಲಸಕ್ಕೆ ಮೊದಲು ಬ್ಯಾಕಪ್ ಅನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಹೋದ ವರ್ಷದ ಪಾಲಿನ ಪಟ್ಟಿ ಕೊನೆಯ ಹೆಸರಿನವರೆಗೂ ಬರುತ್ತದಾ ನೋಡಿ.