ಆಸ್ಪತ್ರೆಗೆ ಬಾರದವರನ್ನು ತಲುಪುವುದು ಹೇಗೆ?

ಉಚಿತ ತಪಾಸಣಾ ಶಿಬಿರ ನಡೆಸುವುದು ಕಷ್ಟದ ಕೆಲಸವೇನಲ್ಲ. ಒಂದು ಸಭಾಂಗಣ, ನಾಲ್ಕಾರು ಮೇಜು, ರಕ್ತದೊತ್ತಡ ನೋಡುವ ಯಂತ್ರ, ಬಾಗಿಲಿಗೊಂದು ಬ್ಯಾನರ್, ಉದ್ಘಾಟನೆಗೆ ಒಬ್ಬರು ಗಣ್ಯರು ಇದ್ದರೆ ಸಾಕು. ಸಂಜೆಯೊಳಗೆ ರಿಜಿಸ್ಟರಿನಲ್ಲಿ ಮುನ್ನೂರು ಹೆಸರು ತುಂಬಿದವು, ಅವರಲ್ಲಿ ನಲವತ್ತು ಮಂದಿಗೆ ಬಿಪಿ ಹೆಚ್ಚಿದೆಯೆಂದು ಗೊತ್ತಾಯಿತು, ‘ಆಸ್ಪತ್ರೆಗೆ ತೋರಿಸಿ’ ಎಂದು ಚೀಟಿ ಬರೆದುಕೊಟ್ಟದ್ದೂ ಆಯಿತು ಎಂದುಕೊಳ್ಳೋಣ. ಎರಡು ತಿಂಗಳ ನಂತರ ಆ ನಲವತ್ತರಲ್ಲಿ ಎಷ್ಟು ಮಂದಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ? ಉತ್ತರ ಹೇಳಬಲ್ಲ ಸಂಘಟಕರು ಸಿಕ್ಕರೆ ಅವರಿಗೆ ಕೈ ಮುಗಿಯಬೇಕು.

ಒಂಟಿಯಾಗಿ ಬದುಕುವ ವೃದ್ಧರು, ವಲಸೆ ಕಾರ್ಮಿಕರು, ಅಂಗವಿಕಲರು, ಸೂರಿಲ್ಲದವರು, ತಾವಿರುವ ಊರಿನ ಭಾಷೆ ಬಾರದವರು: ಇವರೆಲ್ಲ ಚಿಕಿತ್ಸೆಯಿಂದ ಹೊರಗುಳಿಯುವುದು ಹೆಚ್ಚಾಗಿ ಆ ‘ಎರಡು ತಿಂಗಳ ನಂತರ’ದಲ್ಲಿಯೇ. ವೇಲ್ಸ್‌ನ ಗಣಿ ಕಾರ್ಮಿಕರ ಊರಿನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಮಾತು ಇಂದಿಗೂ ಸುಳ್ಳಾಗಿಲ್ಲ. ಒಳ್ಳೆಯ ವೈದ್ಯಸೇವೆ ಅದರ ಅಗತ್ಯ ಹೆಚ್ಚಿರುವ ಕಡೆಯೇ ಕಡಿಮೆ ಸಿಗುತ್ತದೆ ಎಂದಿದ್ದರು ಅವರು. ಈ ಕಂದರವನ್ನು ಆಸ್ಪತ್ರೆಯೊಂದೇ ತುಂಬಲಾರದು, ಸಂಘಸಂಸ್ಥೆಗಳು ಮಾತ್ರವೇ ತುಂಬಲೂ ಆಗದು. ಇಬ್ಬರೂ ಆ ಸಮುದಾಯದ ಜನರೊಂದಿಗೆ ಸೇರಿ ಕೆಲಸ ಮಾಡುವ ವ್ಯವಸ್ಥೆಯನ್ನು ಕಟ್ಟುವುದು ಹೇಗೆಂದು ಹಂತಹಂತವಾಗಿ ನೋಡೋಣ.

ಯಾರಿಗಾಗಿ ಎಂಬುದನ್ನು ಮೊದಲು ನಿರ್ಧರಿಸಿ

‘ಬಡವರಿಗೆ ಆರೋಗ್ಯ ಸೇವೆ’ ಎಂದು ಹೊರಟ ಯೋಜನೆಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಒಂದು ಪ್ರದೇಶ, ಒಂದು ಗುಂಪು, ಒಂದು ತೊಂದರೆ ಸಾಕು. ಇಂಥ ಬಡಾವಣೆಯಲ್ಲಿ ಒಂಟಿಯಾಗಿರುವ ಸಕ್ಕರೆ ಕಾಯಿಲೆಯ ಹಿರಿಯರು; ಕಟ್ಟಡ ಕೆಲಸದ ಶೆಡ್‌ಗಳಲ್ಲಿರುವ ಗರ್ಭಿಣಿಯರು; ಕ್ಷಯರೋಗದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರು. ಹೀಗೆ ಕಿರಿದುಮಾಡಿಕೊಂಡರೆ ಅವರು ಎಷ್ಟು ಮಂದಿ, ಎಲ್ಲಿದ್ದಾರೆ ಎಂಬ ಪಟ್ಟಿ ಕೈಗೆ ಬರುತ್ತದೆ. ಪಟ್ಟಿ ಇಲ್ಲದೆ ಶುರುವಾದ ಕೆಲಸದಲ್ಲಿ ಯಾರು ಬಂದರು ಎಂದು ಹೇಳಬಹುದು, ಯಾರು ಬರಲಿಲ್ಲ ಎಂದು ಹೇಳಲಾಗದು. ನಮಗೆ ಬೇಕಿರುವುದು ಬಾರದವರ ಲೆಕ್ಕ.

ರೋಗಿಯ ಜೊತೆ ಒಮ್ಮೆ ಹೋಗಿಬನ್ನಿ

ಬಾಣಂತಿಯರ ಸಾವಿನ ಕಾರಣಗಳನ್ನು ಬಿಡಿಸಿ ನೋಡಿದ ಸೆರೀನ್ ಥಡೇಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ತಡ, ತಲುಪುವುದರಲ್ಲಿ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ತಡ. ಹೆರಿಗೆಗೆಂದು ಹುಟ್ಟಿದ ಈ ಚೌಕಟ್ಟು ಬೇರೆ ಕಾಯಿಲೆಗಳಿಗೂ ಚೆನ್ನಾಗಿಯೇ ಒಗ್ಗುತ್ತದೆ. ನಿಮ್ಮ ಪಟ್ಟಿಯಲ್ಲಿರುವವರು ಈ ಮೂರರಲ್ಲಿ ಎಲ್ಲಿ ಸಿಲುಕಿದ್ದಾರೆ ಎಂಬುದು ಕಚೇರಿಯಲ್ಲಿ ಕುಳಿತರೆ ತಿಳಿಯುವುದಿಲ್ಲ. ಒಬ್ಬ ರೋಗಿಯ ಒಪ್ಪಿಗೆ ಪಡೆದು, ಅವರ ಮನೆಯ ಬಾಗಿಲಿನಿಂದ ಔಷಧಿ ಕೊಡುವ ಕಿಟಕಿಯವರೆಗೆ ಜೊತೆಗೇ ಹೋಗಿ. ಮಧ್ಯೆ ಬಾಯಿ ಹಾಕಬೇಡಿ, ಪರಿಚಯದ ಡಾಕ್ಟರಿಗೆ ಫೋನ್ ಮಾಡಬೇಡಿ.

ಆಗ ಕಾಣುವುದು ಇಂಥವು. ಚಿಕಿತ್ಸೆ ಉಚಿತ, ಆದರೆ ನೋಂದಣಿ ಕಿಟಕಿ ಹನ್ನೊಂದಕ್ಕೆ ಮುಚ್ಚುತ್ತದೆ; ಅಷ್ಟರೊಳಗೆ ಬರಬೇಕಾದರೆ ಅಂದಿನ ಕೂಲಿ ಬಿಡಬೇಕು. ಅರ್ಜಿಯಲ್ಲಿ ವಿಳಾಸದ ದಾಖಲೆ ಕೇಳುತ್ತಾರೆ. ಮೂರು ತಿಂಗಳಿಗೊಮ್ಮೆ ಜಾಗ ಬದಲಿಸುವವರ ಬಳಿ ಅದು ಇರುವುದಿಲ್ಲ. ರಕ್ತ ಪರೀಕ್ಷೆಗೆ ಒಂದು ಕಟ್ಟಡ, ವರದಿಗೆ ಇನ್ನೊಂದು ಕಟ್ಟಡ, ನಡುವೆ ಮೆಟ್ಟಿಲು. ಮೊಣಕಾಲು ನೋವಿನ ಅಜ್ಜಿ ಆ ಮೆಟ್ಟಿಲ ಬುಡದಲ್ಲಿ ಐದು ನಿಮಿಷ ಕುಳಿತು, ವರದಿ ಪಡೆಯದೆಯೇ ಮನೆಗೆ ಹೊರಡುತ್ತಾರೆ. ದಾಖಲೆಯಲ್ಲಿ ಮಾತ್ರ ‘ರೋಗಿ ಮರಳಿ ಬರಲಿಲ್ಲ’ ಎಂದು ಉಳಿಯುತ್ತದೆ, ತಪ್ಪು ಅಜ್ಜಿಯದೇ ಎಂಬಂತೆ.

ಕೆಲವೊಮ್ಮೆ ತೊಡಕು ವೈದ್ಯಕೀಯದ ಹೊರಗೇ ಇರುತ್ತದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೌಂಡ್ ಬಾಯೂ ಎಂಬಲ್ಲಿ 1960ರ ದಶಕದಲ್ಲಿ ಸಮುದಾಯ ಆರೋಗ್ಯ ಕೇಂದ್ರ ಕಟ್ಟಿದ ಜ್ಯಾಕ್ ಗೈಗರ್ ಮತ್ತು ಅವರ ಸಂಗಡಿಗರ ಮುಂದೆ ಬಂದ ಮಕ್ಕಳ ಕಾಯಿಲೆಯ ಮೂಲ ಹಸಿವಾಗಿತ್ತು. ವೈದ್ಯರು ಔಷಧಿ ಚೀಟಿಯಲ್ಲಿ ಆಹಾರವನ್ನೇ ಬರೆದರು, ಖರ್ಚನ್ನು ಔಷಧಿಯ ಲೆಕ್ಕಕ್ಕೆ ಸೇರಿಸಿದರು. ಹಣ ಕೊಟ್ಟ ಅಧಿಕಾರಿಗಳು ಆಕ್ಷೇಪಿಸಿದಾಗ, ಅಪೌಷ್ಟಿಕತೆಗೆ ಔಷಧಿ ಆಹಾರವೇ ಎಂಬುದು ಗೈಗರ್ ಅವರ ಉತ್ತರವಾಗಿತ್ತು. ಮುಂದೆ ಅಲ್ಲಿ ಕೃಷಿ ಸಹಕಾರ ಸಂಘವೂ ಹುಟ್ಟಿತು. ನಿಮ್ಮ ಪಾಲುದಾರರ ಪಟ್ಟಿಯಲ್ಲಿ ಸಾರಿಗೆಯವರು, ವಸತಿಯವರು, ಕಾನೂನು ನೆರವಿನವರು ಇರಬೇಕೋ ಬೇಡವೋ ಎಂಬುದನ್ನು ರೋಗಿಯ ಜೊತೆಗಿನ ಈ ಓಡಾಟವೇ ಹೇಳಿಕೊಡುತ್ತದೆ.

ಜನ ಯಾರನ್ನು ನಂಬಿದ್ದಾರೆ, ಕೇಳಿ

ಪಾಲುದಾರರನ್ನು ಆರಿಸುವಾಗ ಎಲ್ಲರೂ ಮೊದಲು ಹೋಗುವುದು ಮುಖಂಡರ ಮನೆಗೆ. ಹೋಗಿ, ಸೌಜನ್ಯಕ್ಕಾದರೂ ಹೋಗಬೇಕು. ಆದರೆ ಅಲ್ಲಿಗೇ ನಿಲ್ಲಬೇಡಿ. ‘ಮೈಗೆ ಹುಷಾರಿಲ್ಲದಾಗ ಮೊದಲು ಯಾರಿಗೆ ಹೇಳುತ್ತೀರಿ?’ ಎಂದು ಹತ್ತು ಮನೆಯಲ್ಲಿ ಕೇಳಿದರೆ ಬೇರೆಯೇ ಹೆಸರುಗಳು ಬರುತ್ತವೆ.

ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಪುರುಷರ ರಕ್ತದೊತ್ತಡದ ಚಿಕಿತ್ಸೆಗೆ ಸಂಶೋಧಕರು ಆರಿಸಿಕೊಂಡದ್ದು ಕ್ಷೌರದಂಗಡಿಗಳನ್ನು. 52 ಅಂಗಡಿ, 319 ಗಿರಾಕಿಗಳು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅಂಗಡಿಗಳನ್ನು ಎರಡು ಗುಂಪು ಮಾಡಿದ್ದರು. ಒಂದರಲ್ಲಿ ಕ್ಷೌರಿಕರು ‘ಡಾಕ್ಟರಿಗೆ ತೋರಿಸಿಕೊಳ್ಳಿ, ಜೀವನಕ್ರಮ ಬದಲಿಸಿ’ ಎಂದು ಹೇಳಿ ಕಳುಹಿಸುತ್ತಿದ್ದರು. ಇನ್ನೊಂದರಲ್ಲಿ ತರಬೇತಾದ ಫಾರ್ಮಸಿಸ್ಟ್ ಅಂಗಡಿಗೇ ಬಂದು, ವೈದ್ಯರೊಂದಿಗಿನ ಒಪ್ಪಂದದಂತೆ ಅಲ್ಲಿಯೇ ಔಷಧಿ ಬರೆದುಕೊಡುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಗುಂಪಿನವರ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೋಲಿಕ್) ಸರಾಸರಿ 9.3 ಅಂಕ ಇಳಿದರೆ, ಎರಡನೆಯ ಗುಂಪಿನವರದು 27 ಅಂಕ ಇಳಿಯಿತು. ಈ ಅಂತರವನ್ನು ಗಮನವಿಟ್ಟು ನೋಡಬೇಕು. ಎರಡೂ ಕಡೆ ನಂಬಿಕೆಯ ಮನುಷ್ಯ ಇದ್ದರು, ಎರಡೂ ಕಡೆ ಬುದ್ಧಿಮಾತು ಇತ್ತು. ಔಷಧಿ ಕೊಡುವವರು ಕುರ್ಚಿಯ ಪಕ್ಕಕ್ಕೆ ಬಂದದ್ದು ಒಂದೇ ಕಡೆ.

ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಶುರುಮಾಡಿದ ‘ಫ್ರೆಂಡ್‌ಶಿಪ್ ಬೆಂಚ್’ ಕೂಡ ಇದೇ ಜಾಡಿನದು. ಚಿಕಿತ್ಸಾಲಯದ ಒಳಗೆ ಜಾಗವಿರಲಿಲ್ಲ, ಮನೋವೈದ್ಯರೂ ಬೆರಳೆಣಿಕೆಯಷ್ಟೇ. ಸಮುದಾಯದ ಅಜ್ಜಿಯರಿಗೆ ತರಬೇತಿ ಕೊಟ್ಟು, ಆವರಣದಲ್ಲಿ ಒಂದು ಮರದ ಬೆಂಚು ಹಾಕಿದರು. ಹತ್ತು ವರ್ಷದ ನಂತರ ಪ್ರಕಟವಾದ ಅಧ್ಯಯನದಲ್ಲಿ, ಈ ಅಜ್ಜಿಯರೊಡನೆ ಮಾತನಾಡಿದವರ ಖಿನ್ನತೆಯ ಲಕ್ಷಣಗಳು ಎಂದಿನ ಚಿಕಿತ್ಸೆ ಪಡೆದವರಿಗಿಂತ ಕಡಿಮೆಯಿದ್ದವು.

ತೀರ್ಮಾನದಲ್ಲೂ ಪಾಲು ಕೊಡಿ

ಸಹಭಾಗಿತ್ವದ ಹೆಸರಿನಲ್ಲಿ ನಡೆಯುವ ಅನೇಕ ಸಭೆಗಳಲ್ಲಿ ತೀರ್ಮಾನ ಮೊದಲೇ ಆಗಿರುತ್ತದೆ, ಸ್ಥಳೀಯರನ್ನು ಕರೆಸುವುದು ತಲೆಯಾಡಿಸಲು ಮತ್ತು ಫೋಟೊಗೆ. ಇದನ್ನು ತಪ್ಪಿಸಲು ನಿಯಮವೇ ಬೇಕು, ಒಳ್ಳೆಯ ಮನಸ್ಸು ಸಾಲದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಶೇ 51ರಷ್ಟು ಸದಸ್ಯರು ಅದೇ ಕೇಂದ್ರದ ರೋಗಿಗಳಾಗಿರಬೇಕು. ಅಷ್ಟು ದೂರ ಹೋಗಲಾಗದಿದ್ದರೆ, ಸಮಯ ಮತ್ತು ಸ್ಥಳದ ತೀರ್ಮಾನವನ್ನಾದರೂ ಪೂರ್ತಿ ಸ್ಥಳೀಯರಿಗೇ ಬಿಡಿ. ಸಭೆಯನ್ನು ಅವರ ಕಡೆಯೇ, ಅವರ ಕೆಲಸ ಮುಗಿದ ಮೇಲೆ ಕರೆಯಿರಿ. ಬರುವವರಿಗೆ ಪ್ರಯಾಣದ ಖರ್ಚು ಕೊಡಿ. ವೈದ್ಯರು ಸಂಬಳದ ಹೊತ್ತಿನಲ್ಲಿ ಬಂದಿರುತ್ತಾರೆ, ಸ್ಥಳೀಯರು ಕೂಲಿ ಬಿಟ್ಟು ಬಂದಿರುತ್ತಾರೆ.

ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ ಮಹಿಳಾ ಗುಂಪುಗಳು ತಿಂಗಳಿಗೊಮ್ಮೆ ಸೇರಿ ಬಾಣಂತಿ ಮತ್ತು ಶಿಶುಗಳ ತೊಂದರೆಗಳನ್ನು ಚರ್ಚಿಸಿ, ಪರಿಹಾರವನ್ನೂ ತಾವೇ ಕಂಡುಕೊಂಡವು. ತುರ್ತಿಗೆಂದು ನಿಧಿ ಕೂಡಿಟ್ಟವು, ರೋಗಿಯನ್ನು ಹೊತ್ತೊಯ್ಯಲು ಸ್ಟ್ರೆಚರ್ ವ್ಯವಸ್ಥೆ ಮಾಡಿದವು, ಶುಚಿಯಾದ ಹೆರಿಗೆಗೆ ಬೇಕಾದ ಸಾಮಗ್ರಿಯ ಕಿಟ್ ತಯಾರಿಸಿ ಹಂಚಿದವು. 2004ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದಂತೆ ಈ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಮರಣ ಶೇ 30ರಷ್ಟು ಕಡಿಮೆಯಿತ್ತು.

ಒಂದು ಪುಟದ ಒಪ್ಪಂದ

ವಕೀಲರ ಭಾಷೆಯ ಇಪ್ಪತ್ತು ಪುಟ ಬೇಡ. ಯಾರು ಯಾವ ದಿನ ಎಲ್ಲಿರುತ್ತಾರೆ, ಪ್ರಯಾಣದ ಖರ್ಚು ಯಾರದು, ಔಷಧಿ ಮುಗಿದರೆ ಯಾರಿಗೆ ಹೇಳಬೇಕು, ರೋಗಿಯ ಮಾಹಿತಿ ಯಾರ ಬಳಿ ಇರುತ್ತದೆ, ಜಗಳವಾದರೆ ಕೊನೆಯ ಮಾತು ಯಾರದು. ಇಷ್ಟನ್ನು ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸಂಸ್ಥೆಯ ಹೆಸರಿನ ಮುಂದೆ ವ್ಯಕ್ತಿಯ ಹೆಸರೂ ಇರಲಿ. ‘ಆಸ್ಪತ್ರೆ ನೋಡಿಕೊಳ್ಳುತ್ತದೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ನಡುವೆ ಓಡಾಡುವವರನ್ನು ಆರಿಸುವುದು, ಸಂಬಳ ಕೊಡುವುದು

ಇಡೀ ವ್ಯವಸ್ಥೆ ನಿಂತಿರುವುದು ಮನೆಗೂ ಆಸ್ಪತ್ರೆಗೂ ನಡುವೆ ಓಡಾಡುವ ಆರೋಗ್ಯ ಕಾರ್ಯಕರ್ತೆಯ ಮೇಲೆ. ಓದಿದವರೇ ಬೇಕೆಂದೇನಿಲ್ಲ. ರಜನೀಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಆರಂಭಿಸಿದ ಕೆಲಸದಲ್ಲಿ ಗ್ರಾಮ ಆರೋಗ್ಯ ಕಾರ್ಯಕರ್ತೆಯರನ್ನು ಹಳ್ಳಿಯವರೇ ಆರಿಸುತ್ತಿದ್ದರು. ಅವರಲ್ಲಿ ಅನೇಕರು ಶಾಲೆಯ ಮುಖ ಕಂಡವರಲ್ಲ.

ಕೆಲಸದ ಹೊರೆಗೆ ಮಿತಿ ಹಾಕಿ. ಬ್ರೆಜಿಲ್‌ನ ಕುಟುಂಬ ಆರೋಗ್ಯ ಕಾರ್ಯಕ್ರಮದಲ್ಲಿ ಒಬ್ಬ ಕಾರ್ಯಕರ್ತರಿಗೆ ಹೆಚ್ಚೆಂದರೆ 750 ಜನ ಎಂಬ ಲೆಕ್ಕವಿತ್ತು. ಇನ್ನು ಸಂಬಳದ ಮಾತು. ‘ಸೇವಾಭಾವ’ ಎಂಬ ಪದವನ್ನು ಬಡ ಹೆಂಗಸರ ಮುಂದೆ ಮಾತ್ರ ಬಳಸುವ ಚಾಳಿ ಎಲ್ಲ ಕಡೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ವೇತನ ಕೊಡಬೇಕೆಂದೂ, ಆ ವೇತನ ಪೂರ್ತಿಯಾಗಿ ಅಥವಾ ಬಹುಪಾಲು ಪ್ರೋತ್ಸಾಹಧನದ ರೂಪದಲ್ಲಿ ಇರಬಾರದೆಂದೂ ಹೇಳಿದೆ. ತಲೆಗಿಷ್ಟು ಎಂದು ಹಣ ಕೊಟ್ಟರೆ ಹಣ ಬರುವ ಕೆಲಸ ನಡೆಯುತ್ತದೆ, ಹಾಸಿಗೆ ಹಿಡಿದವರ ಮನೆಗೆ ಸುಮ್ಮನೆ ಹೋಗಿಬರುವ ಕೆಲಸ ನಿಲ್ಲುತ್ತದೆ.

ಚೀಟಿ ಮತ್ತು ನೋಟ್‌ಬುಕ್

ನನಗೆ ಕೇಳಿದರೆ ಇಡೀ ಪ್ರಕ್ರಿಯೆಯ ತಿರುಳು ಇಲ್ಲಿದೆ. ‘ಆಸ್ಪತ್ರೆಗೆ ಹೋಗಿ’ ಎಂಬ ಚೀಟಿ ಕಸದ ಬುಟ್ಟಿಗೆ ಸಮ. ಚೀಟಿಯಲ್ಲಿ ದಿನ, ಹೊತ್ತು, ಕೊಠಡಿಯ ಸಂಖ್ಯೆ, ಅಲ್ಲಿ ಕಾಣಬೇಕಾದ ನರ್ಸ್ ಹೆಸರು, ತರಬೇಕಾದ ಕಾಗದಗಳು, ಊಟ ಮಾಡಿ ಬರಬೇಕೋ ಖಾಲಿ ಹೊಟ್ಟೆಯಲ್ಲೋ ಎಂಬುದು ಇರಬೇಕು. ಕೆಳಗಿನ ಅರ್ಧವನ್ನು ಹರಿಯುವಂತಿಡಿ. ರೋಗಿ ಬಂದಾಗ ನರ್ಸ್ ಆ ಅರ್ಧವನ್ನು ಹರಿದಿಟ್ಟುಕೊಂಡು, ವಾರದ ಕೊನೆಯಲ್ಲಿ ಕಾರ್ಯಕರ್ತೆಗೆ ಮರಳಿಸಬೇಕು.

ಕಾರ್ಯಕರ್ತೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ನಾಲ್ಕು ಕಾಲಂ: ಕಳುಹಿಸಿದ ದಿನ, ತಲುಪಿದ ದಿನ, ಎರಡನೆಯ ಭೇಟಿ, ಬರದಿದ್ದರೆ ಕಾರಣ. ಕೊನೆಯ ಕಾಲಂನಲ್ಲಿ ‘ಅಸಡ್ಡೆ’ ಎಂದು ಬರೆಯುವುದನ್ನು ನಿಷೇಧಿಸಿ. ‘ಮಗುವನ್ನು ನೋಡಿಕೊಳ್ಳುವವರಿರಲಿಲ್ಲ’, ‘ಹೋದಾಗ ವೈದ್ಯರಿರಲಿಲ್ಲ’, ‘ಕಳೆದ ಸಲ ಬೈದರು’ ಎಂಬಂಥವು ಬರಲಿ. ಮೂರು ತಿಂಗಳ ಈ ಕಾಲಂ ಓದಿದರೆ ಮುಂದಿನ ಸಭೆಗೆ ಬೇರೆ ಕಾರ್ಯಸೂಚಿ ಬೇಕಾಗುವುದಿಲ್ಲ.

ಆಸ್ಪತ್ರೆಯ ಒಳಗೂ ಬದಲಾವಣೆ ಬೇಕು. ವಾರದಲ್ಲಿ ಒಂದು ಸಂಜೆಯಾದರೂ ಹೊರರೋಗಿ ವಿಭಾಗ ತೆರೆದಿರಲಿ. ಭಾಷೆ ಬಾರದವರಿಗೆ ದುಭಾಷಿ ಇರಲಿ, ಫೋನಿನಲ್ಲಾದರೂ ಆದೀತು. ರೋಗಿಯ ಮಗಳನ್ನೋ ಮಗನನ್ನೋ ದುಭಾಷಿ ಮಾಡಬೇಡಿ. ತಾಯಿಯ ಗರ್ಭಕೋಶದ ಕಾಯಿಲೆಯನ್ನು ಹತ್ತು ವರ್ಷದ ಮಗು ವೈದ್ಯರಿಗೆ ವಿವರಿಸುವಂತಾಗಬಾರದು.

ಗುಟ್ಟು ಕಾಯುವುದನ್ನು ತರಬೇತಿಯ ಮೊದಲ ದಿನವೇ ಹೇಳಿಕೊಡಿ. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆಯ ಸುದ್ದಿ ಒಮ್ಮೆ ಹೊರಬಿತ್ತೆಂದರೆ ಆ ಬೀದಿಯಲ್ಲಿ ನಿಮ್ಮ ಕೆಲಸ ಮುಗಿದಂತೆ. ಕಾರ್ಯಕರ್ತೆಯ ನೋಟ್‌ಬುಕ್ಕಿನಲ್ಲಿ ಕಾಯಿಲೆಯ ಹೆಸರು ಬೇಡ, ಸಂಕೇತ ಸಾಕು. ಫಲಾನುಭವಿಗಳ ಫೋಟೊ ತೆಗೆದು ಹಂಚುವುದೂ ಬೇಡ, ದಾನಿಗಳು ಕೇಳಿದರೂ.

ಏನನ್ನು ಎಣಿಸಬೇಕು, ಹಣ ನಿಂತಾಗ ಏನು ಮಾಡಬೇಕು

ಶಿಬಿರಗಳ ಸಂಖ್ಯೆ, ಹಂಚಿದ ಕರಪತ್ರ, ಸಭೆಗೆ ಬಂದವರ ತಲೆಲೆಕ್ಕ ಇವು ವರದಿಯ ಪುಟ ತುಂಬಿಸುತ್ತವೆ. ಕಳುಹಿಸಿದವರಲ್ಲಿ ಎಷ್ಟು ಮಂದಿ ತಲುಪಿದರು, ತಲುಪಿದವರಲ್ಲಿ ಎಷ್ಟು ಮಂದಿ ಎರಡನೆಯ ಸಲ ಬಂದರು, ಆರು ತಿಂಗಳಿಗೆ ಎಷ್ಟು ಮಂದಿಯ ಬಿಪಿ ಅಥವಾ ಸಕ್ಕರೆ ಹತೋಟಿಯಲ್ಲಿದೆ ಎಂಬ ಮೂರು ಅಂಕಿ ಇದ್ದರೆ ಸಾಕು. ಅವನ್ನು ಸಮುದಾಯದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಕೆಟ್ಟದಾಗಿದ್ದರೂ ಓದಿ.

ಅನುದಾನ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಆದ್ದರಿಂದ ಯಾವ ಖರ್ಚು ಆಸ್ಪತ್ರೆಯ ನಿತ್ಯದ ಬಜೆಟ್ಟಿಗೆ ಹೋಗಬೇಕು ಎಂಬುದನ್ನು ಮೊದಲ ವರ್ಷದಲ್ಲೇ ಬರೆದಿಡಿ. ಕಾರ್ಯಕರ್ತೆಯ ಸಂಬಳ ಆ ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಅಷ್ಟಾಗಿಯೂ ನಿಲ್ಲಿಸಲೇಬೇಕಾಗಿ ಬಂದರೆ ಕನಿಷ್ಠ ಮೂರು ತಿಂಗಳು ಮೊದಲು ಪ್ರತಿ ರೋಗಿಗೂ ತಿಳಿಸಿ, ಮುಂದೆ ಎಲ್ಲಿ ಯಾರನ್ನು ಕಾಣಬೇಕೆಂದು ಹೆಸರು ಸಮೇತ ಬರೆದುಕೊಡಿ, ಅವರ ದಾಖಲೆಯ ಒಂದು ಪ್ರತಿಯನ್ನು ಅವರ ಕೈಗೇ ಕೊಡಿ.