ಅಮ್ಮನ ಮನಸ್ಸಿನ ರಂಗೋಲಿ ಸ್ಕ್ರೀನ್ ಮೇಲೆ ಕಂಡಿತು

ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆ (ಸೆಕೆಂಡಿಗೆ ಸುಮಾರು ಹತ್ತು ಸಲ, ಅಂದರೆ 10 ಹರ್ಟ್ಸ್, ಏರಿಳಿಯುವ ಮಿದುಳಿನ ವಿದ್ಯುತ್ ಅಲೆ) ಬರುತ್ತದೆ, ತೆರೆದರೆ ಹೋಗುತ್ತದೆ. ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದ ಜರ್ಮನ್ ವೈದ್ಯ ಹಾನ್ಸ್ ಬರ್ಗರ್ 1930ರ ಸುಮಾರಿಗೇ ಬರೆದ ವಿಷಯ. ನನಗೆ ಬೇಕಿದ್ದದ್ದು ಅದಲ್ಲ. ಕಣ್ಣು ಮುಚ್ಚಿಕೊಂಡೇ, ಕೈಕಾಲು ಆಡಿಸದೆ, ಬರೀ ಮನಸ್ಸಿನಲ್ಲಿ ಏನಾದರೂ ಮಾಡಿದರೆ ಆ ಅಲೆ ಬದಲಾಗುತ್ತದಾ? ಮನಸ್ಸು ಮಿದುಳಿನದೇ ಕೆಲಸ ಅನ್ನೋದಾದರೆ ಬದಲಾಗಬೇಕು ಅಲ್ವಾ? ಲ್ಯಾಬುಗಳಲ್ಲಿ ಎಂದೋ ತೋರಿಸಿಯಾಗಿದೆ. ಆದರೂ ರಾಜಾಜಿನಗರದ ನಮ್ಮನೆ ಊಟದ ಟೇಬಲ್ ಮೇಲೆ, ನಾನೇ ಸೋಲ್ಡರ್ ಮಾಡಿದ ಬೋರ್ಡಿನಲ್ಲಿ ನೋಡಬೇಕಿತ್ತು. ಇಇಜಿ (ಮಿದುಳಿನ ಅಲೆ ದಾಖಲಿಸುವ ಪರೀಕ್ಷೆ) ಟೆಕ್ನಿಷಿಯನ್ ಗೆಳೆಯನೊಬ್ಬ "ಸುಮ್ನೆ ದುಡ್ಡು ದಂಡ ಕಣೋ, ಹಮ್ ಬಿಟ್ಟು ಬೇರೇನೂ ಕಾಣಲ್ಲ" ಅಂದಿದ್ದ. ಹಮ್ ಅಂದರೆ ಮನೆಯ ಕರೆಂಟಿನಿಂದ ಸಿಗ್ನಲಿಗೆ ನುಗ್ಗುವ ಗದ್ದಲ.

ಮೂರು ತಿಂಗಳು ಅವನ ಮಾತೇ ನಿಜವಾಯಿತು. ಎಸ್‌ಪಿ ರೋಡಿನಿಂದ ತಂದ ಎರಡು ಎಡಿ620 (ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ) ಚಿಪ್ಪೂ ಡೂಪ್ಲಿಕೇಟ್, ಏಳುನೂರು ರೂಪಾಯಿ ಹೋಯಿತು. ಮೂರನೆಯದು ಅಸಲಿ, ಆದರೆ ಆಸೆಗೆ ಬಿದ್ದು ಮೊದಲ ಹಂತದಲ್ಲೇ ಗೇನ್ (ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನೋದು) ಸಾವಿರ ಇಟ್ಟೆ. ಮಿದುಳಿನ ಸಿಗ್ನಲ್ ಇಪ್ಪತ್ತು ಮೂವತ್ತು ಮೈಕ್ರೋವೋಲ್ಟ್, ತಲೆಗೆ ಹಚ್ಚುವ ಎಲೆಕ್ಟ್ರೋಡಿನಲ್ಲೇ ಹುಟ್ಟುವ ಸ್ಥಿರ ವೋಲ್ಟೇಜ್, ಅಂದರೆ ಆಫ್‌ಸೆಟ್ಟೇ ಹತ್ತಾರು ಮಿಲಿವೋಲ್ಟ್; ಔಟ್‌ಪುಟ್ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತು. ಇದು ಹೊಳೆಯಲು ಎರಡು ವಾರ ಬೇಕಾಯಿತು. ಗೇನ್ 12ಕ್ಕೆ ಇಳಿಸಿ, ಅದರ ನಂತರ ಆ ಸ್ಥಿರ ವೋಲ್ಟೇಜ್ ತಡೆಯುವ ಕೆಪಾಸಿಟರ್ ಹಾಕಿ, ಉಳಿದ ಗೇನನ್ನು ಎರಡನೇ ಹಂತಕ್ಕೆ ಬಿಟ್ಟೆ. ಎಲೆಕ್ಟ್ರೋಡಾಗಿ ಬಳಸಿದ್ದ ತಾಮ್ರದ ಬಿಲ್ಲೆ ಬಿಸಾಕಿ ಸಿಲ್ವರ್ ಕ್ಲೋರೈಡ್ ಕಪ್ ತಂದೆ. 50 ಹರ್ಟ್ಸ್ ಹಮ್ ಮಾತ್ರ ಬಿಡಲಿಲ್ಲ. ವೈರುಗಳನ್ನು ಜಡೆ ಹೆಣೆದೆ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ (ತಲೆಗೆ ವೈರ್ ಇರುವಾಗ ಅದು ಹೇಗೂ ಇರಬಾರದು, ಬೋರ್ಡಿಗೂ ಬ್ಯಾಟರಿಯೇ), ಪಕ್ಕದ ಮನೆಯ ಮೋಟಾರ್ ನಿಂತ ಮೇಲೆ ರಾತ್ರಿ ಹನ್ನೊಂದಕ್ಕೆ ಕೂತೆ. ಎಲೆಕ್ಟ್ರೋಡನ್ನು ತಲೆಗೆ ಹಚ್ಚುವ ಪೇಸ್ಟಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದೇನು ಅನ್ನೋದು ನನ್ನ ಹತ್ತಿರವೇ ಇರಲಿ.

ಮಧ್ಯೆ ಒಂದು ಬೂದುಗುಂಬಳಕಾಯಿಗೂ ಎಲೆಕ್ಟ್ರೋಡ್ ಹಚ್ಚಿ ನೋಡಿದೆ. ಅದರಲ್ಲೂ 10 ಹರ್ಟ್ಸ್ ಬಂದರೆ ತಪ್ಪು ಸರ್ಕ್ಯೂಟಿನದು. ಬರಲಿಲ್ಲ. ಧೈರ್ಯ ಬಂತು.

ಆಮೇಲೆ ಅಮ್ಮನನ್ನು ಕೂರಿಸಿದೆ. ದಿನಾ ಕಣ್ಣು ಮುಚ್ಚಿ ಜಪ ಮಾಡುವವರು, ಅಲ್ಲಾಡುವುದಿಲ್ಲ. ಆಲ್ಫಾ ಎಷ್ಟು ಚೆನ್ನಾಗಿ ಬಂತೆಂದರೆ, ಕಟ್ಟಿದ ಮಲ್ಲಿಗೆ ಹಾರದ ಹಾಗೆ ಒಂದೇ ಸಮ. "ಅಮ್ಮ, ಮನಸ್ಸಲ್ಲೇ 15ರಿಂದ 8ಕ್ಕೆ ಸಂದು ಚುಕ್ಕಿ ಇಟ್ಟು ರಂಗೋಲಿ ಬಿಡಿಸು" ಅಂದೆ. ಒಂದೆರಡು ಸೆಕೆಂಡಿನಲ್ಲಿ ಅಲೆ ಕುಗ್ಗಿತು. ಕಣ್ಣು ಮುಚ್ಚಿಯೇ ಇತ್ತು, ಬೆರಳೂ ಆಡಿರಲಿಲ್ಲ. "ಮುಗೀತು ಕಣೋ" ಅಂದರು. ಸ್ವಲ್ಪ ಹೊತ್ತಿಗೆ ಅಲೆ ವಾಪಸ್ ಬಂತು. ಕೆಲವು ವರ್ಷದ ಹಿಂದೆ ನಿಮ್ಹಾನ್ಸ್ ಮ್ಯೂಸಿಯಂನಲ್ಲಿ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದಿದ್ದೆ. ತಣ್ಣಗೆ, ಗಟ್ಟಿಯಾಗಿ, ಒಂದೂಕಾಲು ಕಿಲೋ ಇದ್ದಿರಬೇಕು. ಅವತ್ತು ಅದರೊಳಗೆ ಒಂದು ಜೀವನ ನಡೆದಿತ್ತು ಅಂತ ನಂಬೋಕೇ ಆಗಿರಲಿಲ್ಲ. ಸ್ಕ್ರೀನ್ ನೋಡುತ್ತಾ ಕೂತಿದ್ದಾಗ ಆ ಭಾರ ಮತ್ತೆ ಕೈಗೆ ಬಂದ ಹಾಗಾಯಿತು.

ಗೆಳೆಯ ಒಪ್ಪಲಿಲ್ಲ. ರೆಪ್ಪೆಯೊಳಗೆ ಕಣ್ಣುಗುಡ್ಡೆ ಆಡಿರುತ್ತದೆ ಅಂದ. ನ್ಯಾಯವಾದ ಮಾತೇ. ಕಣ್ಣಿನ ಪಕ್ಕ ಇನ್ನೊಂದು ಎಲೆಕ್ಟ್ರೋಡ್ ಹಾಕಿ, ಗುಡ್ಡೆ ಆಡಿದ ಸಲಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದೆ. ನಾಲ್ಕು ರಾತ್ರಿಯಲ್ಲಿ ಅರವತ್ತು ಸಲ ಮಾಡಿದ್ದರಲ್ಲಿ ಸುಮಾರು ನಲವತ್ತು ಉಳಿದವು. ಮೂವತ್ತಕ್ಕಿಂತ ಜಾಸ್ತಿ ಸಲ ಅಲೆ ಅರ್ಧದಷ್ಟಾಗಿತ್ತು. ಕೊನೆಗೆ ಅವನೇ ಕೂತು 17ರ ಮಗ್ಗಿಯನ್ನು ಹಿಂದಿನಿಂದ ಹೇಳಿಕೊಂಡ. ಅವನದೂ ಕುಗ್ಗಿತು. ಎದ್ದವನೇ ಬೋರ್ಡಿನ ಫೋಟೊ ಹೊಡೆದುಕೊಂಡ.

ಒಟ್ಟು ಖರ್ಚು ಒಂಬತ್ತು ಸಾವಿರದ ಹತ್ತಿರ, ಹಾಳಾದದ್ದೂ ಸೇರಿ. ಈಗ 1965ರಲ್ಲಿ ವಿಜ್ಞಾನಿಗಳಾದ ಕಾರ್ನ್‌ಹೂಬರ್ ಮತ್ತು ಡೀಕೆ ತೋರಿಸಿದ್ದರ ಹಿಂದೆ ಬಿದ್ದಿದ್ದೇನೆ. ಬೆರಳು ಆಡಿಸುವ ಮೊದಲೇ ಮಿದುಳಿನಲ್ಲಿ ನಿಧಾನವಾಗಿ ಏಳುವ ಅಲೆ ಅದು. ಅದು ತೀರಾ ನಿಧಾನವಾದ್ದರಿಂದ ನನ್ನ ಕೆಪಾಸಿಟರ್ ಅದನ್ನು ಪೂರ್ತಿ ನುಂಗುತ್ತಿದೆ. ಈ ಭಾನುವಾರ ಬದಲಾಯಿಸಬೇಕು.